ಅಂಟಿನುಂಡೆ ಯಾರದು?

ಅಂಟಿನುಂಡೆ ಕಂಡರೆ ನನಗೆ ಜೀವ. ಹೀಗೆ ಹೇಳಿಕೊಳ್ಳಲು ಸ್ವಲ್ಪ ನಾಚಿಕೆಯೂ ಆಗುತ್ತದೆ. ಅದು ಬಾಣಂತಿಯರ ತಿನಿಸು, ನಾನಂತೂ ಈ ಜನ್ಮದಲ್ಲಿ ಬಾಣಂತಿಯಾದವಳಲ್ಲ. ಒಣಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಅರಳಿಸಿದ ಅಂಟು, ಒಂದಿಷ್ಟು ಜಾಜಿಕಾಯಿ ಪುಡಿ, ಇಷ್ಟನ್ನೂ ಬೆಲ್ಲದ ಪಾಕದಲ್ಲಿ ಕಟ್ಟಿದ ಆ ಉಂಡೆಯನ್ನು ಸೊಂಟ ಗಟ್ಟಿಯಾಗಲೆಂದು ಹೆತ್ತವರಿಗೆ ಕೊಡುತ್ತಾರೆ. ಹೆರದೆಯೂ ನನ್ನ ಸೊಂಟ ಇಷ್ಟು ಗಟ್ಟಿಯಾಗಿ, ಇಷ್ಟು ಅಗಲವಾಗಿ ಇರುವುದಕ್ಕೆ ನಮ್ಮ ಮನೆತನದ ಬಾಣಂತಿಯರ ಡಬ್ಬಿಗಳೇ ಕಾರಣ. ಅವರು ತಾವಾಗಿಯೇ ಕರೆದು ಕೊಡುತ್ತಿದ್ದರು, ನಾನು ಬೇಡವೆನ್ನುತ್ತಿರಲಿಲ್ಲ.

ಧಾರವಾಡದ ನಮ್ಮ ಮನೆಯಲ್ಲಿ ಬಾಣಂತನ ಬಂತೆಂದರೆ ನನ್ನ ಪಾಲಿಗೆ ಅಡುಗೆಮನೆ. ಒಣಶುಂಠಿ ಕುಟ್ಟುವುದು, ಅಂಟು ಹುರಿಯುವುದು, ಅಳವಿ ಬೀಜದ ಪಾಯಸಕ್ಕೆ ಹಾಲು ಕಾಯಿಸುವುದು. ಬಾಣಂತಿಯ ಮೈಗೆ ಎಣ್ಣೆ ತಿಕ್ಕಿ ನೀರು ಹಾಕುವ ಕೆಲಸ ಮಾತ್ರ ಮಕ್ಕಳೊಂದಿಗರದು. ನನಗೆ ಮಕ್ಕಳಾಗುವುದಿಲ್ಲವೆಂದು ಎಲ್ಲರಿಗೂ ಖಾತ್ರಿಯಾದ ಮೇಲಂತೂ ಬಾಣಂತಿ ಕೋಣೆಯ ಬಾಗಿಲಲ್ಲೇ ಯಾರಾದರೊಬ್ಬರು ನನ್ನ ಕೈಯ ತಟ್ಟೆಯನ್ನು ಇಸಿದುಕೊಳ್ಳುತ್ತಿದ್ದರು. "ನೀ ದಣದೀದಿ, ಕುಂದರು" ಎಂದು ಬಹಳ ಮೃದುವಾಗಿ ಹೇಳುತ್ತಿದ್ದರು. ಆ ಮೃದುತನಕ್ಕೆ ನನ್ನ ಮೈ ಉರಿದುಹೋಗುತ್ತಿತ್ತು. ಒಲೆಯ ಮುಂದೆ ಬಂದು ಇನ್ನೊಂದು ಉಂಡೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಈಗ ವರ್ಗವಾಗಿ ವಿಜಯವಾಡದಲ್ಲಿದ್ದೇನೆ, ಆಟೋನಗರದ ಒಂದು ಬ್ಯಾಂಕಿನ ಶಾಖೆಯಲ್ಲಿ. ಮಲಗುವ ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಟ್ಟು, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಸುತ್ತಿ ಬಾಣಂತಿಯನ್ನು ಕಾಯಿಸುವ ನಮ್ಮ ಪದ್ಧತಿಯನ್ನು ಇಲ್ಲಿಯವರಿಗೆ ವರ್ಣಿಸಿದರೆ ನಗುತ್ತಾರೆ. ನಗದೆ ಏನು ಮಾಡಿಯಾರು? ಬೇಸಿಗೆ ಬಂತೆಂದರೆ ಈ ಊರಿನ ಬಿಸಿಲು ಗಂಡಸರು, ಹೆಂಗಸರು, ಬ್ಯಾಂಕ್ ಮ್ಯಾನೇಜರು ಎಂಬ ಭೇದವಿಲ್ಲದೆ ಸಕಲರಿಗೂ ಶಾಖ ಕೊಡುತ್ತದೆ. ಆದರೂ ನಮ್ಮ ಶಾಖೆಗೆ ಬರುವ ಆಯುರ್ವೇದ ವೈದ್ಯರೊಬ್ಬರು ನನ್ನ ಪರವಾಗಿಯೇ ಮಾತಾಡುತ್ತಾರೆ. ಹೆತ್ತ ಹೆಂಗಸಿಗೆ ಅವರ ಶಾಸ್ತ್ರದಲ್ಲಿ ಸೂತಿಕೆ ಎಂಬ ಹೆಸರು. ಒಂಬತ್ತು ತಿಂಗಳು ತುಂಬಿದ್ದ ಜಾಗ ಒಮ್ಮೆಲೇ ಬರಿದಾದರೆ ಅಲ್ಲಿಗೆ ವಾತ ನುಗ್ಗುತ್ತದಂತೆ. ಅದಕ್ಕೇ ಎಣ್ಣೆ, ಬಿಸಿನೀರು, ಹೊಟ್ಟೆಗೆ ಬಟ್ಟೆಯ ಪಟ್ಟಿ. ಯಾವ ಗಳಿಗೆಯಿಂದ ಅವಳನ್ನು ಸೂತಿಕೆ ಎನ್ನಬೇಕು ಎಂದು ಸುಮ್ಮನೆ ಕೇಳಿದ್ದೆ. "ಕೂಸಿನ ಹಿಂದೆ ಮಾಸು ಹೊರಬಿದ್ದಾಗಿನಿಂದ" ಎಂದಿದ್ದರು. ಆಗ ಅದೊಂದು ಹರಟೆಯ ಮಾತಾಗಿತ್ತು, ನಾನು ಅವರಿಗೊಂದು ಚಹಾ ತರಿಸಿ ನನ್ನ ಕೆಲಸಕ್ಕೆ ತಿರುಗಿದ್ದೆ.

ನನ್ನ ಅಕ್ಕನ ಮಗಳು ಪಲ್ಲವಿ ವಿಶಾಖಪಟ್ಟಣದಲ್ಲಿದ್ದಾಳೆ. ಅವಳೂ ಅವಳ ಗಂಡನೂ ದುವ್ವಾಡದ ಆಚೆ ಒಂದು ಔಷಧ ಕಂಪನಿಯಲ್ಲಿ ಕೆಲಸಕ್ಕಿದ್ದಾರೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗಬೇಕಾದವಳು, ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅಲ್ಲೇ ಉಳಿದಳು. ತವರೇ ಅವಳಿದ್ದಲ್ಲಿಗೆ ಬಂತು. ಅಕ್ಕ ಧಾರವಾಡದಿಂದ ಅಂಟಿನುಂಡೆಯ ಡಬ್ಬಿ, ಬಾಣಂತಿ ಖಾರ, ಕೂಸಿನ ತಲೆಗೆ ಹಾಕುವ ಕುಂಚಿಗೆ, ಹಳೆಯ ಸೀರೆ ಹರಿದು ಮಾಡಿದ ಮೆತ್ತನೆಯ ಬಟ್ಟೆಗಳು, ಎಲ್ಲವನ್ನೂ ಹೊತ್ತು ಬಂದಳು. ಗದಗಿನಿಂದ ಪಲ್ಲವಿಯ ಅತ್ತೆಯೂ ಬಂದರು. ಎಂಟು ತಿಂಗಳು ತುಂಬಿದ್ದಾಗ ನೋವು ಶುರುವಾಯಿತು. ಹುಟ್ಟಿದ್ದು ಹೆಣ್ಣು ಕೂಸು. ಅದು ಅಳಲಿಲ್ಲ, ಹೊಟ್ಟೆಯಲ್ಲೇ ಜೀವ ಹೋಗಿತ್ತು.

ಹೊರಟು ಬರುತ್ತೇನೆ ಎಂದು ಫೋನು ಮಾಡಿದರೆ ಅಕ್ಕ ಅಳುತ್ತಲೇ ಹೇಳಿದಳು: "ನೀ ಬಂದು ಏನ ಮಾಡ್ತೀಯವಾ? ಕೂಸ ಇದ್ದಿದ್ರ ಬಾಣಂತಿತನ. ಈಗೇನ ಮಾಡೂದದ?"

ನಾನು ಹೋಗಲಿಲ್ಲ, ಬ್ಯಾಂಕಿನಲ್ಲಿ ಕುಳಿತೆ. ಆಟೋನಗರವೆಂದರೆ ಕಣ್ಣು ಹಾಯಿಸಿದಲ್ಲೆಲ್ಲ ಲಾರಿ. ನಮ್ಮ ಶಾಖೆಯ ಎದುರಿನ ಶೆಡ್ಡಿಗೆ ಒಂದು ದಿನ ಪಲ್ಟಿಯಾದ ಲಾರಿಯೊಂದನ್ನು ಎಳೆದು ತಂದರು. ಹೊತ್ತ ಸರಕೆಲ್ಲ ದಾರಿಯಲ್ಲೇ ಚೆಲ್ಲಿಹೋಗಿತ್ತಂತೆ. ಮೆಕ್ಯಾನಿಕ್ಕುಗಳು ಸರಕಿನ ಸುದ್ದಿ ಎತ್ತಲಿಲ್ಲ. ಅದರ ಕೆಳಗೆ ನುಸುಳಿ, ಸುಖವಾಗಿ ಊರು ಮುಟ್ಟಿ ಬಂದ ಪಕ್ಕದ ಲಾರಿಗೆ ಏನೇನು ಮಾಡಿದ್ದರೋ ಅದನ್ನೇ ಮಾಡತೊಡಗಿದರು. ಒಂದು ಕಬ್ಬಿಣದ ಗಾಡಿಗೆ ಇರುವ ಮರ್ಯಾದೆ ನಮ್ಮ ಪಲ್ಲವಿಗೆ ಇಲ್ಲವಲ್ಲ ಎನಿಸಿ ಸಿಟ್ಟು ಬಂತು. ಊಟದ ಡಬ್ಬಿ ಮುಚ್ಚಿ ರಜೆ ಕೇಳಲು ಎದ್ದೆ.

ವಿಶಾಖಪಟ್ಟಣದ ಒಳಗೆ ಹೋಗದೆ ದುವ್ವಾಡದಲ್ಲಿ ನಿಂತು ಹಾಗೇ ಮುಂದೆ ಸಾಗುವ ಗಾಡಿ ಸಿಕ್ಕಿತು. ಅವರ ಮನೆ ಅಲ್ಲಿಂದ ಹತ್ತಿರವೇ. ಬಾಗಿಲು ತೆರೆದ ಅಕ್ಕ ನನ್ನ ಕೈಯ ಚೀಲ ತೆಗೆದುಕೊಂಡಳು. ಅಳಿಯ ಮನೆಯಲ್ಲಿ ಕೂರಲಾರದೆ ಕೆಲಸಕ್ಕೆ ಹೋಗತೊಡಗಿದ್ದ. ಡಬ್ಬಿಗಳನ್ನೂ ಕುಂಚಿಗೆಯನ್ನೂ ಪಲ್ಲವಿಯ ಕಣ್ಣಿಗೆ ಬೀಳದಂತೆ ಮೇಲಿನ ಅಟ್ಟಕ್ಕೆ ಸೇರಿಸಿದ್ದರು. ಬಾಣಂತಿ ಎಂಬ ಶಬ್ದವನ್ನು ಆ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಎಲ್ಲ ಅವಳ ಮೇಲಿನ ಪ್ರೀತಿಯಿಂದಲೇ, ಅವಳಿಗೆ ನೋವಾಗಬಾರದೆಂದೇ. ಆ ಪ್ರೀತಿಯ ನಡುವೆ ಹುಡುಗಿ ತಾನೇ ತಣ್ಣೀರು ಸುರಿದುಕೊಂಡು, ಮೊಸರನ್ನ ಉಂಡು, ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು.

ನಾನು ಹಾಸಿಗೆಯ ಅಂಚಿಗೆ ಕುಳಿತೆ. ಅವಳು ಎದೆಗೆ ಟವೆಲ್ ಒತ್ತಿ ಹಿಡಿದುಕೊಂಡಿದ್ದಳು. ಟವೆಲ್ ತೊಯ್ದಿತ್ತು, ಮೈ ಸುಡುತ್ತಿತ್ತು.

"ಮೌಶಿ," ಎಂದಳು. ತಾಯಿಯ ತಂಗಿಯನ್ನು ನಮ್ಮ ಕಡೆ ಹಾಗೆನ್ನುತ್ತಾರೆ. "ಕೂಸ ಇಲ್ಲಂತ ಎಲ್ಲಾರಿಗೂ ಗೊತ್ತದ. ಈ ಹಾಲಿಗೆ ಯಾರೂ ಹೇಳಿಲ್ಲ ನೋಡು."

ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಾಲು ಕಟ್ಟಿ ಬಾವು ಬಂದಿತ್ತು. ಇನ್ನೂ ತಡಮಾಡಿದ್ದರೆ ಕೊಯ್ಯಬೇಕಾಗುತ್ತಿತ್ತು, ನಂಜು ಮೈಗೆಲ್ಲ ಏರಿದ್ದರೆ ಜೀವಕ್ಕೇ ಅಪಾಯವಿತ್ತು ಎಂದು ಡಾಕ್ಟರು ಬೈದು ಔಷಧಿ ಕೊಟ್ಟರು. ಹಾಲು ಬತ್ತಲೆಂದು ಎದೆಗೆ ಮಲ್ಲಿಗೆ ಕಟ್ಟುವುದು ನಮ್ಮಲ್ಲುಂಟು. ಅಡುಗೆಮನೆಯವಳಾದ ನಾನು ಅದನ್ನು ಗೋಡೆಯ ಈಚೆಯಿಂದ ಕೇಳಿ ಬಲ್ಲೆ. ಕಟ್ಟಬಹುದೇ ಎಂದು ವಿಚಾರಿಸಿದೆ. ಬಾವು ಇಳಿದ ಮೇಲೆ ಹೂವಿಡಿ, ಬಿಗಿಯಬೇಡಿ, ಮಾತ್ರೆ ಬಿಡಿಸಬೇಡಿ ಎಂದರು. ಎರಡು ದಿನ ಬಿಟ್ಟು ಪೇಟೆಗೆ ಹೋಗಿ ನಾನು ಮಲ್ಲಿಗೆ ಮೊಗ್ಗನ್ನು ಅಳೆಸಿ ಅಳೆಸಿ ಕೊಳ್ಳುತ್ತಿದ್ದರೆ ಹೂವಾಡಗಿತ್ತಿ ನಗುತ್ತ ತೆಲುಗಿನಲ್ಲಿ, ಮನೆಯಲ್ಲಿ ಮದುವೆಯೇ ಅಮ್ಮಾ ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಬೇರೆ ಏನು ಹೇಳಲಿ?

ಮನೆಗೆ ಬಂದು ಸ್ಟೂಲು ಹಾಕಿಕೊಂಡು ಅಟ್ಟದ ಡಬ್ಬಿ ಇಳಿಸತೊಡಗಿದೆ. ನನ್ನ ಭಾರಕ್ಕೆ ಸ್ಟೂಲು ಕಿರುಗುಟ್ಟಿದ್ದೇ ಪಲ್ಲವಿಯ ಅತ್ತೆ ಓಡಿ ಬಂದರು.

"ಏನ ಮಾಡ್ಲಿಕ್ಕತ್ತೀರಿ? ಕೂಸ ಇಲ್ಲದ ಮ್ಯಾಲೆ ಬಾಣಂತಿತನ ಎಂಥಾದ್ರೀ? ನೋಡಿದವ್ರು ಏನಂದಾರು? ಅದರಾಗ ನೀವು..."

ಅಲ್ಲಿಗೆ ನಿಲ್ಲಿಸಿದರು. ಉಳಿದದ್ದನ್ನು ನಾನೇ ಸ್ಟೂಲಿನ ಮೇಲಿಂದ ಪೂರೈಸಿದೆ: "ಅದರಾಗ ನಾನು ಹಡೀಲಾರದಾಕಿ. ಹೌದ್ರಿ. ಮಕ್ಕಳೊಂದಿಗರು ಇಬ್ಬರು ಇದ್ದೀರಿ, ಬರ್ರಿ, ನೀವs ಹಾಕ್ರಿ ನೀರು. ನೀವು ಹಾಕೂದಿಲ್ಲಂದ್ರ ನಾ ಹಾಕ್ತೀನಿ. ಆಕಿ ಒಂದು ಜೀವ ಹಡದಾಳ. ಮಾಸು ಬಿದ್ದದ. ನೆತ್ತರ ಹೋಗೇದ. ಹಾಲು ಬಂದದ. ಬಾಣಂತಿ ಆಗಲಿಕ್ಕೆ ಇನ್ನೇನ ಬೇಕ್ರಿ?"

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಹೋದದ್ದು ಅವರ ಮೊಮ್ಮಗಳೂ ಹೌದು. ಅಕ್ಕ ಎದ್ದು ಹೋಗಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಲು ಇಟ್ಟಳು.

ಆ ದಿನ ನಾನು ಮೊದಲ ಸಲ ಬಾಣಂತಿಯ ಮೈ ಮುಟ್ಟಿದೆ. ಜಂಬ ಕೊಚ್ಚಿಕೊಂಡು ಸ್ಟೂಲಿನಿಂದ ಇಳಿದವಳಿಗೆ ಎಣ್ಣೆ ಹಚ್ಚುವ ಹದವೇ ತಿಳಿಯದು. ಅರ್ಧ ಎಣ್ಣೆ ನನ್ನ ಸೀರೆಗೇ ಹತ್ತಿತು. ಅಕ್ಕ ನನ್ನ ಕೈ ಮೇಲೆ ತನ್ನ ಕೈಯಿಟ್ಟು ತೋರಿಸಿದಳು. ಬೆನ್ನ ಮೇಲೆ ಬಿಸಿನೀರು ಬಿದ್ದ ಕೂಡಲೇ ಪಲ್ಲವಿ ಅತ್ತಳು. ಹೆರಿಗೆಯಾದ ಮೇಲೆ ಅವಳು ದನಿ ತೆಗೆದು ಅತ್ತದ್ದು ಅದೇ ಮೊದಲಂತೆ. ನಾವಿಬ್ಬರೂ ಅತ್ತೆವು, ನೀರು ಹಾಕುವುದನ್ನು ಮಾತ್ರ ನಿಲ್ಲಿಸಲಿಲ್ಲ. ಆಮೇಲೆ ಹಳೆಯ ಸೀರೆಯ ಪಟ್ಟಿಯನ್ನು ಹೊಟ್ಟೆಗೆ ಸುತ್ತಿದೆವು, ಎದೆಗೆ ಮಲ್ಲಿಗೆಯನ್ನಿಟ್ಟೆವು. ಇಡೀ ಕೋಣೆ ಮದುವೆಮನೆಯ ಹಾಗೆ ಘಮ್ಮೆಂದಿತು. ಅದನ್ನು ಸಹಿಸುವುದು ಕಷ್ಟವಾಯಿತು.

ಉಳಿದ ಬಾಣಂತನಕ್ಕೆ ಅವಳನ್ನೂ ಅಕ್ಕನನ್ನೂ ವಿಜಯವಾಡಕ್ಕೆ ಕರೆತಂದೆ. ಹೊರಡುವಾಗ ಅತ್ತೆ ಎಣ್ಣೆಯ ಬಾಟಲಿಯನ್ನು ತಾವೇ ಚೀಲದಲ್ಲಿಟ್ಟು, "ನೆತ್ತಿಗೆ ಭಾಳ ಹಾಕ್ರಿ" ಎಂದರು. ಕೂಸಿನ ಕುಂಚಿಗೆಯನ್ನು ಪಲ್ಲವಿ ತನ್ನ ಸೀರೆಗಳ ಮಡಿಕೆಯಲ್ಲಿ ಇಟ್ಟುಕೊಂಡಳು. ಅಗ್ಗಿಷ್ಟಿಗೆಯನ್ನು ಆಟೋನಗರದ ಬಿಸಿಲಿಗೆ ವಹಿಸಿದೆವು. ಬಾಣಂತಿಗೆ ನೀರು ಕೊಡಬಾರದೆಂಬ ಕಟ್ಟಳೆಯನ್ನು ವೈದ್ಯರನ್ನು ಕೇಳಿಯೇ ಕೈಬಿಟ್ಟು ಓಮದ ಕಷಾಯ, ಕಾಯಿಸಿ ಆರಿಸಿದ ನೀರು ಧಾರಾಳವಾಗಿ ಕೊಟ್ಟೆವು. ಜ್ವರ ಮರಳಲಿಲ್ಲ, ಹಾಲು ಬತ್ತಿತು. ಆದರೆ ಅವಳು ಮಾತಾಡುತ್ತಿರಲಿಲ್ಲ. ಕೊಟ್ಟರೆ ಉಣ್ಣುತ್ತಿದ್ದಳು, ಕೊಡದಿದ್ದರೆ ಕೇಳುತ್ತಿರಲಿಲ್ಲ. ಈ ಹುಡುಗಿ ನಮ್ಮ ಕೈಬಿಟ್ಟು ಹೋಗಿಬಿಡುತ್ತಾಳೇನೋ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ.

ಬಾಣಂತನ ಮುಗಿಯುವಾಗ ನಮ್ಮಲ್ಲಿ ಬಾಣಂತಿಯಿಂದ ಬಾವಿಯ ಬಳಿ ಗಂಗೆಯ ಪೂಜೆ ಮಾಡಿಸುತ್ತಾರೆ. ನಮ್ಮ ಫ್ಲಾಟಿನಲ್ಲಿ ಬಾವಿ ಎಲ್ಲಿಂದ ಬರಬೇಕು? ಇಂದ್ರಕೀಲಾದ್ರಿಯ ಬುಡದಲ್ಲಿರುವ ಕೃಷ್ಣೆಯ ಘಾಟಿಗೆ ಹೋದೆವು. ಪಲ್ಲವಿಯ ತಲೆಗೆ, ಕಿವಿಗೆ ಬಟ್ಟೆ ಸುತ್ತಿದ್ದೆ. ಮೆಟ್ಟಿಲ ಮೇಲೆ ಕುಳಿತಿದ್ದ ತೆಲುಗು ಹೆಂಗಸೊಬ್ಬಳು, ವಯಸ್ಸಾದವಳು, ಅವಳನ್ನೇ ನೋಡಿ ಕೇಳಿದಳು: "ಬಾಲಿಂತವಾ?"

ಬಾಣಂತಿಯೇನು ಎಂಬ ಆ ಪ್ರಶ್ನೆಗೆ ನಾನು ಗಡಿಬಿಡಿಯಲ್ಲಿ ಬೇರೇನೋ ಹೇಳಹೊರಟೆ. ಅಷ್ಟರಲ್ಲಿ ಪಲ್ಲವಿಯೇ, "ಅವುನಂಡಿ" ಎಂದಳು. ಹೌದು.

"ಪಾಪಾ, ಬಾಬಾ?" ಹೆಣ್ಣೋ ಗಂಡೋ ಎಂದು ಮುದುಕಿ ಕೇಳಿದಳು.

"ಪಾಪ," ಎಂದಳು ಪಲ್ಲವಿ. ಹೆಣ್ಣು. ಸ್ವಲ್ಪ ತಡೆದು, "ಪೋಯಿಂದಂಡಿ," ಎಂದಳು. ಹೋಯಿತು.

ಮುದುಕಿ ಲೊಚಗುಟ್ಟಲಿಲ್ಲ, ದೇವರ ಇಚ್ಛೆ ಎನ್ನಲಿಲ್ಲ. ಹೊಳೆಯ ಗಾಳಿಗೆ ಜಾರಿದ್ದ ಬಟ್ಟೆಯನ್ನು ಕೈಚಾಚಿ ಪಲ್ಲವಿಯ ಕಿವಿಯ ಮೇಲೆ ಎಳೆದಳು. ಬಾಣಂತಿ ಹೀಗೆ ಗಾಳಿಗೆ ಕಿವಿ ಕೊಟ್ಟು ಕೂರುವುದೇ ಎಂದು ಅವಳನ್ನು ಗದರಿ, ಕರೆತಂದ ನಿನಗೆ ಬುದ್ಧಿ ಬೇಡವೇ ಎಂದು ನನ್ನನ್ನೂ ಗದರಿದಳು. ಪಲ್ಲವಿ ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡು ನೀರಿಗೆ ಅರಿಶಿನ ಕುಂಕುಮ ಬಿಟ್ಟಳು. ಆಟೋದಲ್ಲಿ ಬರುವಾಗ, ಕೂಸಿಗೆ ತನ್ನದೇ ಮೂಗು ಇತ್ತೆಂದು ಮೊದಲ ಸಲ ನಮಗೆ ಹೇಳಿದಳು.

ಮನೆಗೆ ಬಂದವಳೇ ನಾನು ಅಡುಗೆಮನೆ ಹೊಕ್ಕೆ. ಮನಸ್ಸು ಕಲಕಿದಾಗ ನನ್ನ ಕೈ ಎಲ್ಲಿಗೆ ಹೋಗುತ್ತದೆಂದು ನಿಮಗೀಗ ಗೊತ್ತೇ ಇದೆ. ಡಬ್ಬಿಯ ತಳದಲ್ಲಿ ಒಂದೇ ಒಂದು ಅಂಟಿನುಂಡೆ ಉಳಿದಿತ್ತು. ಅದನ್ನು ಎತ್ತಿ ಇನ್ನೇನು ಬಾಯಿಗೆ ಹಾಕಿಕೊಳ್ಳಬೇಕು, ಹಿಂದಿನಿಂದ ಬಂದ ಪಲ್ಲವಿ ನನ್ನ ಕೈಯಿಂದ ಅದನ್ನು ಕಸಿದುಕೊಂಡಳು.

"ಮೌಶಿ, ಬಾಣಂತಿ ನಾನೋ ನೀನೋ?"

"ನೀನs ನಮ್ಮವ್ವಾ," ಎಂದೆ. "ನೀನs."

ಅವಳು ಅಲ್ಲೇ ನಿಂತು ಇಡೀ ಉಂಡೆಯನ್ನು ತಿಂದಳು. ನನಗೆ ಒಂದು ಚೂರೂ ಕೊಡಲಿಲ್ಲ.