ಅವ್ವನ ಎಡಗೈಯ ದಿಂಬು

ನಮ್ಮ ಕಪಾಟಿನಲ್ಲಿ ಅಂಗೈಗಿಂತ ತುಸು ದೊಡ್ಡದಾದ, ನಾಲ್ಕು ಮೂಲೆಗಳೂ ಒಂದರ ಮೇಲೊಂದು ಮುನಿಸಿಕೊಂಡಂತಿರುವ ಒಂದು ದಿಂಬಿದೆ. ಹೊಲಿದವನು ನಾನೇ, ಆದಿತ್ಯನಗರದ ಸಿಮೆಂಟ್ ಕಾರ್ಖಾನೆಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿಯುವ ಈ ಕೈಗೆ ಸೂಜಿದಾರ ಒಲಿದದ್ದು ಅಷ್ಟೇ.

ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಅವ್ವನನ್ನು ಚಿಮ್ಮನಚೋಡದಿಂದ ಕರೆತಂದು, ವಾರಕ್ಕೆರಡು ಸಲ ಸೇಡಂಗೆ ಡಯಾಲಿಸಿಸ್‌ಗೆ ಒಯ್ಯುತ್ತಿದ್ದೆ. ನೋವಿಗೆ ಅಂಜಿದ ಹೆಂಗಸಲ್ಲ ಆಕೆ. ಆದರೆ ಬೆಳಗಾದರೆ ಇಷ್ಟಲಿಂಗವನ್ನಿಟ್ಟು ಪೂಜಿಸುವ ಎಡಗೈಯಲ್ಲೇ ಸೂಜಿಗಳು ಕೂತು, ತನ್ನದೇ ರಕ್ತ ಕೊಳವೆಯಲ್ಲಿ ಹರಿಯುವುದನ್ನು ಕಂಡಾಗ ಮೈಯೆಲ್ಲ ನಡುಗುತ್ತಿತ್ತು. ಕೈ ಅಲುಗಿದರೆ ಯಂತ್ರ ಕೂಗುತ್ತಿತ್ತು, ಆ ಕೂಗಿಗೆ ಆಕೆ ಇನ್ನಷ್ಟು ನಡುಗುತ್ತಿದ್ದಳು.

“ಲಿಂಗ ಹಿಡಿಯೋ ಕೈನೇ ಕಸ್ಕೊಂಡ್ರು. ಸಾಕು ತಮ್ಮಾ, ನಾ ಇನ್ನ ಬರಂಗಿಲ್ಲ,” ಎಂದಳೊಂದು ದಿನ, ಆಸ್ಪತ್ರೆಯ ಹಾಸಿಗೆಯಲ್ಲೇ. ಬರದಿದ್ದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನಾನು ಅತ್ತುಬಿಟ್ಟೆ.

ಸೂಜಿ ಸರಿಪಡಿಸುತ್ತಿದ್ದ ನರ್ಸಮ್ಮ ತಲೆಯೆತ್ತಿದಳು. “ಈ ಕೈ ಹೆಂಗೂ ಅಲ್ಲಾಡಸಬಾರ್ದು ಅವ್ವಾರೇ. ಲಿಂಗ ಇದರಾಗೇ ಇಟ್ಕೊಂಡು ಕುಂದ್ರಿ. ವಿಭೂತಿ ಮಾತ್ರ ಹಣಿಗಷ್ಟೇ, ಸೂಜಿ ಕಡೆ ಬ್ಯಾಡ್ರಿ.”

ಅಂದೇ ಅವ್ವನ ಹಳೆಯ ಸೀರೆಗೆ ಅರಳೆ ತುಂಬಿ, ಮಣಿಕಟ್ಟು ಸೋಲದಿರಲೆಂದು ಈ ದಿಂಬು ಹೊಲಿದೆ. “ಇದು ದಿಂಬೋ, ನಿಮ್ಮ ಸಿಮೆಂಟ್ ಚೀಲೋ?” ಎಂದು ನಕ್ಕಳು, ಎಷ್ಟೋ ದಿನಕ್ಕೆ ಕಂಡ ನಗು. ಅಂಜಿಕೆ ಪೂರ್ತಿ ಹೋಯಿತೆನ್ನಲಾರೆ. ಯಂತ್ರ ಕೂಗಿದರೆ ರೆಪ್ಪೆ ಅದುರುತ್ತಿತ್ತು. ಆದರೂ ದೃಷ್ಟಿ ರಕ್ತವನ್ನು ಬಿಟ್ಟು ಅಂಗೈಯ ಲಿಂಗದ ಮೇಲೆ ನಿಂತಿತ್ತು, ಕೈಯೂ ನಿಂತಿತ್ತು. ಸಮಾಧಾನ ಮಾಡುವುದೆಂದರೆ ಧೈರ್ಯ ಹೇಳುವುದೆಂದೇ ತಿಳಿದಿದ್ದೆ, ಗೆಳೆಯರೇ. ಹೇಳಿ ಹೇಳಿ ನನ್ನ ಬಾಯಿ ಬತ್ತಿತ್ತು. ಆ ಕೈಗೆ ಬೇಕಾಗಿದ್ದುದು ತನ್ನ ನಿತ್ಯದ ಕೆಲಸ.

ಹೋದ ಶ್ರಾವಣದಲ್ಲಿ ಅವ್ವನ ಹೃದಯವೇ ದಣಿದು ನಿಂತಿತು. ಚಿಮ್ಮನಚೋಡದ ನಮ್ಮ ಹೊಲದಲ್ಲಿ, ಪದ್ಧತಿಯಂತೆ ಆಕೆಯನ್ನು ಸಮಾಧಿಯ ಗುಂಡಿಯಲ್ಲಿ ಕುಳ್ಳಿರಿಸಿ, ಕ್ರಿಯೆ ಮಾಡಿಸಲು ಬಂದ ಅಯ್ಯನವರು ಎಡ ಅಂಗೈಯಲ್ಲಿ ಲಿಂಗವಿಡಲು ಹೋದಾಗ ಕೈ ತುಸು ಜಾರಿತು.

“ತಡೀರಿ, ದಿಂಬು ಮನ್ಯಾಗ ಅದ, ತರ್ತೀನಿ,” ಎಂದು ಓಡಲು ಹೊರಟೆ.

ಯಾರೂ ನಗಲಿಲ್ಲ. ಅಯ್ಯನವರು ನನ್ನ ಮುಖ ನೋಡಿ, “ಬ್ಯಾಡಪಾ, ಆ ಕೈ ಇನ್ನ ಅಲ್ಲಾಡಂಗಿಲ್ಲ,” ಎಂದರು.

ದಿಂಬಿನ ನಡುವೆ ಮಣಿಕಟ್ಟಿನ ತಗ್ಗು ಹಾಗೇ ಇದೆ. ಬಿಸಿಲಿಗೆ ಹಾಕುತ್ತೇನೆಂದು ಹೆಂಡತಿ ಎಷ್ಟೋ ಸಲ ಕೇಳಿದ್ದಾಳೆ, ನಾನು ಕೊಟ್ಟಿಲ್ಲ. ಬಿಸಿಲು ತಾಗಿದರೆ ಅರಳೆ ಉಬ್ಬಿಬಿಡುತ್ತದೆ.