ಒಲೆಗೆ ಅಂಜುತ್ತಿದ್ದ ಗಂಗವ್ವಾಯಿ

ಗಂಗವ್ವಾಯಿ ಒಲೆಯ ಕಾವನ್ನು ಮಕ್ಕಳ ಹೆಸರಿನಲ್ಲಿ ಅಳೆಯುತ್ತಿದ್ದಳು. ರೊಟ್ಟಿ ಹಂಚಿನ ಮೇಲೆ ಗೇಣೆತ್ತರಕ್ಕೆ ಅಂಗೈ ಹಿಡಿದು, ತನ್ನ ನಾಲ್ಕು ಮಕ್ಕಳ ಹೆಸರನ್ನು ಹಿರಿಯನಿಂದ ಶುರುಮಾಡಿ ಸಾವಕಾಶ ಹೇಳುವಳು. ಮೂರನೆಯ ಹೆಸರಿಗೆ ಕೈ ತಾನೇ ಹಿಂದೆ ಬಂದರೆ ಕಾವು ಹದ. ನಾಲ್ಕೂ ಮುಗಿದರೆ ಇನ್ನೊಂದು ಕಟ್ಟಿಗೆ ಒಳಗೆ, ಎರಡಕ್ಕೇ ಬಂದರೆ ಒಂದು ಕಟ್ಟಿಗೆ ಹೊರಗೆ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಆಕೆಯ ಖಡಕ್ ರೊಟ್ಟಿ ಸೀದದ್ದನ್ನು ನಾನಂತೂ ಕಂಡಿಲ್ಲ. ಆಕೆ ನಮ್ಮ ಪಕ್ಕದ ಮನೆಯವಳು.

ನಮ್ಮ ಮನೆಯವರದು ಕೈಮಗ್ಗ. ಜೊತೆಗೆ ನಾನೂ ರೊಟ್ಟಿ ಮಾಡಿ ಮಾರೋಣವೆಂದು ಮೊದಲ ಸಲ ಕಬ್ಬಿಣದ ಕಟ್ಟಿಗೆ ಒಲೆ ತಂದೆ. ಮಾಳಿಗೆ ತೂರಿ ಹೋಗುವ ಹೊಗೆಕೊಳವೆ, ಅದಕ್ಕೆ ಅಂಟಿಸಲು ಕಾವು ತೋರಿಸುವ ಮುಳ್ಳಿನ ಮೀಟರು. ಮುಳ್ಳು ಹಸಿರಿನಲ್ಲಿದ್ದರೆ ಭಯವಿಲ್ಲ, ಕೆಂಪಿಗೆ ಹೋದರೆ ಉರಿ ಇಳಿಸಿ ಎಂದಿದ್ದ ಅಂಗಡಿಯವನು. ನನಗೋ ಚಿಕ್ಕಂದಿನಿಂದ ಬೆಂಕಿಯೆಂದರೆ ಜೀವ ಹಾರುತ್ತದೆ. ಪಕ್ಕದ ಕೋಣೆಯಲ್ಲಿ ಮಗ್ಗ, ಅದರ ಮೇಲೆ ಅರ್ಧ ನೇಯ್ದ ಸೀರೆ, ತಲೆಯ ಮೇಲೆ ಒಣಗಿದ ಮರದ ಜಂತಿಗಳು. ಒಂದು ಕಿಡಿ ಹಾರಿದರೆ ನಮ್ಮ ಅನ್ನವೇ ಹೋದಂತೆ. ಹಾಗಾಗಿ ಆ ಮುಳ್ಳನ್ನೇ ದೇವರೆಂದು ನಂಬಿದೆ.

ಆದರೆ ಹೊಸ ಒಲೆಯನ್ನು ಸಾರಿಸದೆ ಹಚ್ಚುವುದುಂಟೆ? ಕೆಮ್ಮಣ್ಣಿಗೆ ಸಗಣಿ ಕಲಸಿ ಒಲೆಗೂ ಕೊಳವೆಯ ಬುಡಕ್ಕೂ ಎರಡು ಬೆರಳು ದಪ್ಪ ಮೆತ್ತಿ, ಆ ಹಸಿಮಣ್ಣಿನಲ್ಲೇ ಮೀಟರನ್ನು ಒತ್ತಿ ಕೂರಿಸಿ, ವಿಭೂತಿ ಹಚ್ಚಿ ಕೈಮುಗಿದೆ.

ಮೊದಲ ದೊಡ್ಡ ಆರ್ಡರು ನರಗುಂದದ ಒಂದು ಮದುವೆ ಮನೆಯದು. ಮುಳ್ಳು ಹಸಿರಿನ ಬುಡದಲ್ಲೇ ಇತ್ತು. ನಾನು ಕಟ್ಟಿಗೆ ತುರುಕುತ್ತಲೇ ಇದ್ದೆ. ರೊಟ್ಟಿ ಸೀಯತೊಡಗಿದಾಗ ಹಂಚನ್ನು ಬೈದೆ. ವಾಸನೆಗೆ ಬಂದ ಗಂಗವ್ವಾಯಿ ಹಂಚಿನ ಮೇಲೆ ಅಂಗೈ ಹಿಡಿದಳು. ಮೊದಲ ಹೆಸರೂ ಮುಗಿಯಲಿಲ್ಲ.

"ಹಿಂದಕ್ಕ ಸರಿ, ಶಾಂತಾ."

"ಮುಳ್ಳು ಹಸರಾಗ ಐತಿ ನೋಡ್ರಿ, ಆಯಿ."

ಆಕೆ ಮುಳ್ಳನ್ನು ನೋಡಲಿಲ್ಲ, ಮೇಲೆ ನೋಡಿದಳು. ಕೊಳವೆ ಕೆಂಪಗಾಗಿತ್ತು. ಅದರ ಪಕ್ಕದ ಜಂತಿ ಹೊಗೆಯಾಡುತ್ತಿತ್ತು.

ನಾನು ಕೊಡ ಎತ್ತಿ ಒಲೆಯತ್ತ ನುಗ್ಗಿದೆ. "ಒಲಿಗೆ ನೀರ ಹಾಕಬ್ಯಾಡ, ಕಬ್ಬಿಣ ಸೀಳತೈತಿ. ಜಂತಿಗೆ ಹಾಕು." ಹಾಗೆಂದವಳೇ ಒಲೆಯ ಗಾಳಿಬಾಯಿ ಮುಚ್ಚಿದಳು. ನಮ್ಮ ಮನೆಯವರು ಮಗ್ಗದಿಂದ ಎದ್ದು ಬಂದು, ಏಣಿ ಹಾಕಿ ಜಂತಿಗೆ ಹಸಿ ಗೋಣಿಚೀಲ ಒತ್ತಿ ಹಿಡಿದರು. ಹೊಗೆ ನಿಂತಿತು. ಗಂಗವ್ವಾಯಿ ಇಕ್ಕಳದಿಂದ ಮಣ್ಣು ಕೆದರಿ ಮೀಟರನ್ನು ಬರಿ ಕಬ್ಬಿಣಕ್ಕೆ ಹಿಡಿದಳು. ಮುಳ್ಳು ಕೆಂಪಿನ ಕೊನೆಗೆ ಹೋಗಿ ನಿಂತಿತು.

"ನೀ ಒಲಿ ಕಾವು ನೋಡಿಲ್ಲವ್ವಾ, ಮಣ್ಣಿನ ಕಾವು ನೋಡೀದಿ."

ನಾನು ಅಳುತ್ತಾ ಈ ಒಲೆಯೇ ಬೇಡವೆಂದೆ. ನಿಮ್ಮಂಥ ಧೈರ್ಯ ನನಗಿಲ್ಲವೆಂದೆ.

"ಯಾರಿಗೈತಿ ಧೈರ್ಯ? ರಾಜೂರಾಗ ನಮ್ಮ ತವರಮನಿ ಒಲಿ ಕಿಡಿಗೇ ಸುಟ್ಟು ಹೋತು. ಅವತ್ತಿನಿಂದ ದಿನಾ ಅಂಜಕೋತನ ಒಲಿ ಹಚ್ಚತೀನಿ. ಕೈ ಯಾಕ ಹಿಡೀತೀನಂತ ತಿಳದೀ? ನೀನೂ ಅಂಜು, ಆದ್ರ ಹಚ್ಚು."

ಅಂದಿನಿಂದ ಅಂಜುತ್ತಲೇ ಹಚ್ಚಿದೆ.

ಕಳೆದ ವರ್ಷ ಮೈ ಸೋತ ಆಕೆಯನ್ನು ಮಗಳು ಶಿರೋಳಕ್ಕೆ ಕರೆದೊಯ್ದಳು. ಒಂದು ಮಧ್ಯಾಹ್ನ ನೋಡಲು ಹೋದೆ. ಕೂರುವಷ್ಟರಲ್ಲೇ, "ಒಲಿ ಆರಿಸಿ ಬಂದೀ?" ಎಂದಳು. ಹೌದ್ರಿ ಎಂದೆ, ಆದರೆ ಆರಿಸಿದ ನೆನಪೇ ಬರಲೊಲ್ಲದು.

"ನಿನ್ನ ಮಾರಿ ಬ್ಯಾರೇನ ಹೇಳತೈತಿ. ಏಳು, ಲಗೂ ಹೋಗು. ನನ್ನ ಮತ್ತ ನೋಡೀಯಂತ."

ಮಗಳು ಇಟ್ಟ ಚಹಾ ಇನ್ನೂ ಕುದಿಯುತ್ತಿತ್ತು. ಕುಡಿಯದೇ ಓಡಿದೆ. ಬಸ್ಸಿನ ದಾರಿಯುದ್ದಕ್ಕೂ ಮಗ್ಗ ಉರಿಯುವುದೇ ಕಣ್ಣಿಗೆ ಕಟ್ಟುತ್ತಿತ್ತು. ಮನೆಗೆ ಬಂದು ನೋಡಿದರೆ ಒಲೆ ತಣ್ಣಗಿತ್ತು, ಬೆಳಿಗ್ಗೆಯೇ ಆರಿಸಿದ್ದೆ.

ನಾಲ್ಕನೆಯ ದಿನ ಆಕೆ ತೀರಿಕೊಂಡ ಸುದ್ದಿ ಬಂತು. ನಮ್ಮ ಮನೆ ಉಳಿಸಿದ ಅಂಜಿಕೆಯೇ ಅವತ್ತು ಆಕೆಯ ಹತ್ತಿರ ಹತ್ತು ನಿಮಿಷ ಕೂರಲು ನನ್ನನ್ನು ಬಿಡಲಿಲ್ಲ.