ನಾನಿಗೆ ನಾನು ಎರೆಯದ ನೀರು

ನಮ್ಮ ನಾನಿ ಹೆಣ ತೊಳೆಯುತ್ತಿದ್ದಳು. ಹೀಗೆ ಬರೆದರೆ ಒರಟಾಗಿ ಕೇಳಿಸುತ್ತದೆ ಅಂತ ಗೊತ್ತು. ಆದರೆ ಚಿಕ್ಕಂದಿನಲ್ಲಿ ನಾನು ಮನಸ್ಸಿನೊಳಗೆ ಹೇಳಿಕೊಳ್ಳುತ್ತಿದ್ದದ್ದು ಇದೇ ಮಾತು. ಈಗ ಅದನ್ನು ನಯ ಮಾಡಿ ಬರೆಯುವ ಮುಖ ನನಗಿಲ್ಲ. ನಾನಿ ಎಂದರೆ ಅಮ್ಮನ ತಾಯಿ. ಹುಣಸೂರಿನಲ್ಲಿ ನಮ್ಮದು ಮರಗೆಲಸದವರ ಬೀದಿ. ಅಪ್ಪ ಮನೆಅಳಿಯನಾಗಿ ಬಂದವನು, ನಾನಿಯ ಮನೆಯ ಮುಂದಿನ ಕೋಣೆಯಲ್ಲೇ ಮಂಚ, ಬೀರು ಮಾಡುತ್ತಿದ್ದ. ನಮ್ಮ ಮುಸಲ್ಮಾನರಲ್ಲಿ ಹೆಂಗಸು ತೀರಿಕೊಂಡರೆ ಹೆಂಗಸರೇ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಬೇಕು, ಆಮೇಲೆಯೇ ಗಂಡಸರು ಹೆಗಲು ಕೊಡುವುದು. ಆ ಸ್ನಾನದ ಕ್ರಮ ಸರಿಯಾಗಿ ಗೊತ್ತಿರುವವರು ಊರಿಗೆ ಒಬ್ಬರೋ ಇಬ್ಬರೋ. ನಮ್ಮ ಕಡೆಗೆಲ್ಲ ನಾನಿಯೇ.

ಅವಳ ಹತ್ತಿರ ಒಂದು ಹಳೇ ರೆಕ್ಸಿನ್ ಚೀಲವಿತ್ತು. ಅದರಲ್ಲಿ ಕತ್ತರಿ, ಕರ್ಪೂರದ ಪೊಟ್ಟಣ, ನೀರಿಗೆ ಹಾಕಿ ಕುದಿಸಲು ಒಣಗಿಸಿದ ಎಲಚಿ ಎಲೆ, ಕೈಗೆ ಸುತ್ತಿಕೊಳ್ಳುವ ಬಟ್ಟೆ. ಯಾರಾದರೂ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತರೆ ಸಾಕು, ಒಲೆ ಮೇಲಿದ್ದದ್ದನ್ನು ಅಮ್ಮನಿಗೆ ವಹಿಸಿ ಚಪ್ಪಲಿ ಮೆಟ್ಟುತ್ತಿದ್ದಳು. ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆ ಹ್ಯಾಂಡ್‌ಪೋಸ್ಟ್ ಎಂಬ ಊರಿನವರೆಗೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಆ ಮನೆಗಳಲ್ಲಿ ಒಂದು ಲೋಟ ಚಹಾ ಕೂಡ ಮುಟ್ಟುತ್ತಿರಲಿಲ್ಲ. ಇಲ್ಲದವರ ಮನೆಯಾದರೆ ಕಫನ್ನಿನ ಬಿಳಿ ಬಟ್ಟೆಯನ್ನೂ ತಾನೇ ಒಯ್ಯುತ್ತಿದ್ದಳು. ತನಗೆಂದು ಟ್ರಂಕಿನಲ್ಲಿ ಎತ್ತಿಟ್ಟುಕೊಂಡಿದ್ದ ಬಟ್ಟೆಯನ್ನು, ನನಗೆ ಗೊತ್ತಿದ್ದ ಹಾಗೆ, ನಾಲ್ಕು ಸಲ ಬೇರೆಯವರಿಗೆ ಕೊಟ್ಟಳು. ಮತ್ತೆ ಹೊಸದು ತಂದಿಡುವಾಗ ಅಮ್ಮ ಗೊಣಗಿದರೆ, ನನಗೇನು ಅವಸರ ಇಲ್ಲವಲ್ಲ ಎಂದು ನಗುತ್ತಿದ್ದಳು. ನಿಜಕ್ಕೂ ಅವಸರ ಮಾಡಲಿಲ್ಲ. ತೊಂಬತ್ತು ದಾಟಿದ ಮೇಲೂ ಕಿಟಕಿ ಪಕ್ಕದ ಸೀಟಿಗಾಗಿ ಕಂಡಕ್ಟರನ ಹತ್ತಿರ ಜಗಳ ಆಡುತ್ತಿದ್ದಳು.

ಮನೆಯಲ್ಲಿ ನಮ್ಮದು ಉರ್ದು. ಆದರೆ ನಾನಿ ಹುಟ್ಟಿ ಬೆಳೆದದ್ದು ಅಂತರಸಂತೆಯಲ್ಲಿ. ಅವಳಪ್ಪ ಸಂತೆಯಲ್ಲಿ ಬಳೆ ಮಾರುತ್ತಿದ್ದನಂತೆ, ಅವರ ಓಣಿಯಲ್ಲಿ ನಮ್ಮವರ ಮನೆ ಅದೊಂದೇ. ಹಾಗಾಗಿ ಅವಳಿಗೆ ಸಿಟ್ಟು ಬಂದರೂ ಕನ್ನಡ, ಮುದ್ದು ಬಂದರೂ ಕನ್ನಡ. ಸತ್ತವರ ಜೊತೆ ಮಾತಾಡುವಾಗಲೂ ಕನ್ನಡವೇ. ಹೌದು, ಮಾತಾಡುತ್ತಿದ್ದಳು. ಒಸಿ ಬಲಕ್ಕೆ ತಿರುಗವ್ವ, ಇನ್ನೇನು ಆಯ್ತು ಬುಡು, ಎಂದು ಮಗುವಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಪ್ರತಿ ಚೊಂಬು ನೀರನ್ನೂ ಮೊದಲು ತನ್ನ ಮಣಿಕಟ್ಟಿನ ಮೇಲೆ ಬಿಟ್ಟುಕೊಂಡು ಬಿಸಿ ನೋಡುತ್ತಿದ್ದಳು. ಮೈಮೇಲಿನ ಹೊದಿಕೆಯನ್ನು ಒಂದು ಗೇಣು ಕೂಡ ಜಾರಲು ಬಿಡುತ್ತಿರಲಿಲ್ಲ. ಸ್ನಾನಕ್ಕೆ ಕಟ್ಟಿದ ಪರದೆಯೊಳಗೆ ಯಾರ ಮೈಮೇಲೆ ಏನೇ ಕಂಡರೂ ಅದು ಅಲ್ಲೇ ಉಳಿಯಬೇಕು, ಹೊರಗೆ ಬಾಯಿ ಬಿಡಬಾರದು. ಬೀದಿಯವರು ಏನಾದರೂ ಬಾಯಿ ಬಿಡಿಸಲು ನೋಡಿದರೆ, ಒಳ್ಳೆ ಹೆಂಗಸು ಅಂತ ಒಂದೇ ಮಾತು. ಅವಳ ಪ್ರಕಾರ ಈ ಊರಲ್ಲಿ ಸತ್ತವರೆಲ್ಲ ಒಳ್ಳೆ ಹೆಂಗಸರೇ.

ನನಗೆ ಎಂಟೋ ಒಂಬತ್ತೋ ಇರುವಾಗ ಶಾಲೆಯಲ್ಲಿ ಯಾರೋ ಈ ವಿಷಯ ಎತ್ತಿ ಆಡಿಕೊಂಡರು. ಅವತ್ತು ಮನೆಗೆ ಬಂದವಳು ನಾನಿ ಕಲಸಿಟ್ಟ ಅನ್ನ ತಿನ್ನಲಿಲ್ಲ. ಕೇಳಿದ್ದಕ್ಕೆ ಅವಳ ಕೈಯನ್ನೇ ದುರುಗುಟ್ಟಿ ನೋಡಿದೆ. ನಾನಿ ಎದ್ದು ಹೋಗಿ ಕೈ ತೊಳೆದಳು. ಆವತ್ತಿನಿಂದ ನನ್ನ ತಟ್ಟೆಗೆ ಮಾತ್ರ ಚಮಚದಲ್ಲಿ ಬಡಿಸತೊಡಗಿದಳು. ಮಿಕ್ಕವರಿಗೆಲ್ಲ ಕೈತುತ್ತು, ನನಗೆ ಸ್ಟೀಲಿನ ಚಮಚ. ಎಷ್ಟೋ ವರ್ಷ ಹಾಗೇ ನಡೆಯಿತು. ಬೇಡ, ಕೈಯಲ್ಲೇ ಹಾಕು ಎಂದು ಒಂದು ಸಲವೂ ನನ್ನ ಬಾಯಲ್ಲಿ ಬರಲಿಲ್ಲ. ಅಷ್ಟು ಜಂಬ.

ನಾನು ಓದಿ ಕನ್ನಡ ಟೀಚರಾದೆ. ಮದುವೆಯಾಗಿ ಕೆ.ಆರ್. ನಗರ ಸೇರಿದೆ. ನನಗೆ ಮೂವತ್ತು ದಾಟಿದ ಮೇಲೆ ಒಂದು ಭಾನುವಾರ ತವರಿಗೆ ಬಂದಿದ್ದಾಗ ಪಿರಿಯಾಪಟ್ಟಣದಿಂದ ಕರೆ ಬಂತು. ನಾನಿ ಜೊತೆ ಯಾವಾಗಲೂ ಹೋಗುತ್ತಿದ್ದ ಪಕ್ಕದ ಮನೆಯಾಕೆಗೆ ಜ್ವರ. ಅಮ್ಮನಿಗೆ ಮಂಡಿ ನೋವು, ಮೇಲಾಗಿ ಸಾವಿನ ಮನೆ ಅಂದರೆ ಬಾಗಿಲಲ್ಲೇ ಅಳು. ಕೊನೆಗೆ ನಾನೇ ಹೋಗಬೇಕಾಯಿತು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಪಕ್ಕದಲ್ಲಿ ನಾಲ್ಕು ಸೀರೆ ಕಟ್ಟಿ ಮರೆ ಮಾಡಿದ್ದರು. ನಾನಿ ಹೇಳಿದ ಕಡೆ, ಹೇಳಿದಷ್ಟು, ನೀರು ಹುಯ್ದೆ. ಮೊದಲು ಬಲಗಡೆ, ಆಮೇಲೆ ಎಡಗಡೆ. ಕೊನೆಯ ನೀರಿಗೆ ಕರ್ಪೂರ. ಮುಗಿದ ಮೇಲೆ ಬ್ಯಾರನ್ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಆದರೆ ನೀರು ಒಂದು ಹನಿಯೂ ಆಚೀಚೆ ಚೆಲ್ಲಲಿಲ್ಲ, ಅದಂತೂ ನಿಜ.

ವಾಪಸ್ ಬರುವಾಗ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ನಾನಿ ಕಡಲೆಕಾಯಿ ಬಿಡಿಸುತ್ತಾ ಹೇಳಿದಳು: "ನಾಳೆ ದಿವ್ಸ ನನ್ಗೆ ನೀನೇ ನೀರು ಹುಯ್ಯಬೇಕು ಕಣವ್ವ. ಇಷ್ಟು ಜನದ ಮೈ ನೋಡಿವ್ನಿ. ನನ್ ಮೈ ಬ್ಯಾರೆಯೋರು ನೋಡೋದು ನನ್ಗೆ ನಾಚ್ಕೆ."

ಅಮ್ಮ ಇದ್ದಾಳಲ್ಲ ಎಂದೆ. ಅವಳು ಅಳ್ತಾಳೆ, ಅಳೋರ ಕೈಲಿ ಈ ಕೆಲ್ಸ ಆಗಕ್ಕಿಲ್ಲ, ನಿನ್ನ ಮನಸ್ಸು ಗಟ್ಟಿ ಎಂದಳು. ಹುಣಸೂರು ಬಸ್ಸು ಬಂತು. ಆಯ್ತು ನಾನಿ, ನಾನೇ ಹುಯ್ಯುತ್ತೇನೆ ಎಂದು ಮಾತು ಕೊಟ್ಟೆ. ನನ್ನನ್ನು ಗಟ್ಟಿ ಎಂದದ್ದಕ್ಕೆ ಹೆಮ್ಮೆಯಾಗಿತ್ತು. ಆಮೇಲೆ ಶಾಲೆಗೆ ರಜೆ ಇದ್ದಾಗಲೆಲ್ಲ ಅವಳ ಜೊತೆ ಹೋಗಿ ಕೆಲಸ ಪೂರ್ತಿ ಕಲಿತೆ. ಹೋದ ಮನೆಗಳಲ್ಲೆಲ್ಲ ನಾನಿ, ನನ್ನ ಸರದಿಗೆ ಇವಳೇ ಎಂದು ನನ್ನನ್ನು ತೋರಿಸುತ್ತಿದ್ದಳು.

ಕಡೆಯ ಮೂರು ತಿಂಗಳು ಅವಳು ಹಾಸಿಗೆ ಹಿಡಿದಳು. ಇಲ್ಲಿಂದ ಮುಂದಿನದನ್ನು ಬರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ನಾನು ಪ್ರತಿ ಭಾನುವಾರ ಕಿತ್ತಳೆ, ದಾಳಿಂಬೆ ಹಿಡಿದು ಬರುತ್ತಿದ್ದೆ. ಮಂಚದ ತಲೆಯ ಕಡೆ ಕೂತು ಹಣ್ಣು ಬಿಡಿಸಿ ತಿನ್ನಿಸುತ್ತಿದ್ದೆ. ಅಮ್ಮ ಬಟ್ಟೆ ಬದಲಿಸಲು ಬಂದರೆ ಫೋನ್ ಬಂತು ಎಂದು ಎದ್ದು ಹೋಗುತ್ತಿದ್ದೆ. ಬೆನ್ನಿನ ಮೇಲೆ ಹುಣ್ಣಾಗಿದೆ, ಒಂದು ಸಲ ಹಿಡಿದುಕೋ ಬಾ, ಮುಲಾಮು ಹಚ್ಚುತ್ತೇನೆ ಎಂದು ಅಮ್ಮ ಕರೆದಾಗ, ಸ್ವಲ್ಪ ತಾಳು ಎಂದವಳು ಬಾಗಿಲ ಬಳಿಯೇ ನಿಂತೆ. ಅಮ್ಮ ಮತ್ತೆ ಕರೆಯಲಿಲ್ಲ. ಗುರುತಿಲ್ಲದವರ ಹೆಣಕ್ಕೆ ನೀರು ಹುಯ್ದ ನನಗೆ ನನ್ನ ನಾನಿಯ ಬೆನ್ನು ನೋಡಲು ಆಗಲಿಲ್ಲ. ವಾಸನೆಗೆ ಹೇಸಿದೆ. ಇದನ್ನು ದುಃಖ ಎಂದು ಕರೆದು ತಪ್ಪಿಸಿಕೊಳ್ಳಬಹುದಿತ್ತು, ಆದರೆ ಅದು ದುಃಖ ಆಗಿರಲಿಲ್ಲ.

ಅವಳು ಹೋದದ್ದು ಒಂದು ಬೆಳಗ್ಗೆ, ಬಿಸಿಲು ಅಂಗಳಕ್ಕೆ ಬಂದ ಮೇಲೆ. ಹಿಂದಿನ ದಿನವೇ ಅಮ್ಮ ಫೋನ್ ಮಾಡಿ ಕರೆಸಿಕೊಂಡಿದ್ದಳು. ಆವತ್ತು ಮುಂಜಾನೆಯ ನಮಾಜನ್ನು ನಾನೂ ಅಮ್ಮನೂ ನಾನಿಯ ಮಂಚದ ಪಕ್ಕದಲ್ಲೇ, ಅಕ್ಕಪಕ್ಕ ಮಾಡಿದ್ದೆವು. ಮಂಡಿ ನೋವಿಗೆ ಅಮ್ಮ ಕುರ್ಚಿಯ ಮೇಲೆ, ನಾನು ಚಾಪೆಯ ಮೇಲೆ. ಅದಾಗಿ ಎರಡು ಗಂಟೆ ಕಳೆದ ಮೇಲೆ ನಾನಿ ಉಸಿರು ಬಿಟ್ಟಳು. ಒಂಬತ್ತರ ಹೊತ್ತಿಗೆ ಮಸೀದಿಯಿಂದ ಸ್ನಾನದ ಹಲಗೆ ಬಂತು. ಹಿತ್ತಿಲಲ್ಲಿ ಪರದೆ ಕಟ್ಟಿದರು. ಹಂಡೆಯಲ್ಲಿ ಎಲಚಿ ಎಲೆ ಹಾಕಿ ನೀರು ಕಾಯಿಸಿದರು. ಬೀದಿಯ ಹೆಂಗಸರೆಲ್ಲ ನನಗೆ ದಾರಿ ಬಿಟ್ಟು ನಿಂತರು. ಯಾರು ಏನು ಮಾಡಬೇಕು ಅಂತ ಎಲ್ಲರಿಗೂ ಗೊತ್ತಿತ್ತಲ್ಲ. ಅಮ್ಮ ಚೊಂಬು ತಂದು ನನ್ನ ಕೈಗೆ ಕೊಟ್ಟಳು. ನನಗೆ ಆ ಬೆನ್ನು ನೆನಪಾಯಿತು.

"ನನಗೆ ನಮಾಜಿಲ್ಲ," ಎಂದುಬಿಟ್ಟೆ.

ತಿಂಗಳ ಮುಟ್ಟನ್ನು ನಮ್ಮ ಹೆಂಗಸರು ಹೀಗೆ ಹೇಳುತ್ತಾರೆ. ಆ ದಿನಗಳಲ್ಲಿ ನಮಾಜ್ ಮಾಡುವಂತಿಲ್ಲ, ಕುರಾನ್ ಹಿಡಿಯುವಂತಿಲ್ಲ, ಸತ್ತವರಿಗೆ ನೀರೂ ಹುಯ್ಯುವಂತಿಲ್ಲ. ಹೀಗೆ ಅಂದರೆ ಮುಗಿಯಿತು, ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಸುಳ್ಳು ಹೇಳಬೇಡಿ ಎಂದು ಮಕ್ಕಳಿಗೆ ಇಪ್ಪತ್ತು ವರ್ಷ ಬಾಯಿ ನೋಯಿಸಿಕೊಂಡ ಟೀಚರಿಗೆ ಆವತ್ತು ಸುಳ್ಳು ಎಷ್ಟು ಸಲೀಸಾಗಿ ಬಂತು. ಮೂರು ಗಂಟೆ ಹಿಂದೆ ನನ್ನ ಪಕ್ಕದಲ್ಲೇ ನಮಾಜ್ ಮಾಡಿದ್ದ ಅಮ್ಮ ನನ್ನ ಮುಖವನ್ನೊಮ್ಮೆ ನೋಡಿದಳು. ನಾನು ನೆಲ ನೋಡಿದೆ. ಅವಳು ಚೊಂಬನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಇವಳಿಗೆ ಆಗಲ್ಲ, ಬನ್ನಿ ಎಂದು ಹೆಂಗಸರಿಗೆ ಹೇಳಿ ಪರದೆಯೊಳಗೆ ಹೋದಳು. ನಾನು ಅಡುಗೆಮನೆಗೆ ಹೋಗಿ ಕೂತೆ. ಅಲ್ಲಿಗೆ ಎಲ್ಲ ಕೇಳಿಸುತ್ತಿತ್ತು. ಅಮ್ಮ ಬಿಕ್ಕುತ್ತಿದ್ದಳು. ಯಾರೋ ಒಬ್ಬಾಕೆ, ಅಳಬ್ಯಾಡ್ರವ್ವ, ನೀರು ಚೆಲ್ತೈತೆ ಎನ್ನುತ್ತಿದ್ದಳು. ಯಾರ ಕಣ್ಣಿಗೂ ಬೀಳಬಾರದು ಎಂದಿದ್ದ ಮೈಯನ್ನು ಅಮ್ಮನ ಜೊತೆ ಬೀದಿಯ ಮೂವರು ಹೆಂಗಸರು ತೊಳೆದರು. ನಾನು ಒಲೆ ಮುಂದೆ ಕೂತಿದ್ದೆ.

ಒಂದು ಸುಳ್ಳು ಹೇಳಿದವಳು ಅದನ್ನು ಸಾಕಬೇಕಲ್ಲ. ಏಳು ದಿನ ನಾನು ನಮಾಜ್ ಮಾಡಲಿಲ್ಲ. ಮಸೀದಿಯ ಬಾಂಗು ಕೇಳಿದಾಗ ಹೆಂಗಸರೆಲ್ಲ ನಮಾಜಿಗೆ ಎದ್ದರೆ ನಾನು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಮೂರನೇ ದಿನದ ಜಿಯಾರತ್ತಿಗೆ ಕುರಾನಿನ ಮೂವತ್ತು ಭಾಗವನ್ನು ಮೂವತ್ತು ಜನ ಹಂಚಿಕೊಂಡು ಸತ್ತವರ ಹೆಸರಲ್ಲಿ ಓದುತ್ತಾರೆ. ನಡುಮನೆಯಲ್ಲಿ ಇಪ್ಪತ್ತೊಂಬತ್ತು ಜನ ಕೂತರು, ಒಂದು ಭಾಗದ ಪುಸ್ತಕ ಉಳಿಯಿತು. ಅದು ನನ್ನದು. ಪಕ್ಕದ ಮನೆಯಾಕೆ ತನ್ನದನ್ನು ಮುಗಿಸಿ ಅದನ್ನೂ ಓದಿದಳು. ನಾನು ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಾ ಬಾಯೊಳಗೇ ಏನಾದರೂ ಓದೋಣ ಎಂದುಕೊಂಡೆ. ನಾಲಿಗೆ ಏಳಲಿಲ್ಲ. ಕದ್ದದ್ದನ್ನು ದಾನ ಮಾಡಲು ಹೊರಟ ಹಾಗಿತ್ತು. ಓದಿ ಮುಗಿಸಿದ ಪಕ್ಕದ ಮನೆಯಾಕೆ ಒಳಗೆ ಬಂದು ನನ್ನ ತಲೆ ಸವರಿದಳು. ಪಾಪ, ಅಷ್ಟು ಆಸೆ ಪಟ್ಟಿದ್ರು ನಿಮ್ಮಜ್ಜಿ, ದೇವ್ರು ಅದೇ ದಿನಾನೇ ನಿನ್ನ ಹೊರಗಿಟ್ಟ ನೋಡು ಎಂದು ಕಣ್ಣೊರೆಸಿಕೊಂಡಳು. ನನ್ನ ತಪ್ಪನ್ನು ದೇವರ ಮೇಲೆ ಹೊರಿಸಿ ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು. ನಾನು ಈರುಳ್ಳಿ ಹೆಚ್ಚುತ್ತಲೇ ಇದ್ದೆ.

ಅಮ್ಮನ ಹತ್ತಿರ ಹೇಳಬೇಕು ಎಂದು ಎಷ್ಟೋ ಸಲ ಬಾಯಿ ತೆರೆದೆ. ಅವಳೇ ಕೇಳಲಿ, ಬೈಯಲಿ, ನಾಲ್ಕು ಬಾರಿಸಲಿ ಎಂದು ಕಾದೆ. ಅವಳು ಕೇಳಲಿಲ್ಲ. ಪರದೆಯೊಳಗೆ ಕಂಡದ್ದನ್ನು ಹೊರಗೆ ಹೇಳಬಾರದು ಎನ್ನುವ ನಾನಿಯ ನೇಮವನ್ನು ಅಮ್ಮ ಬದುಕಿರುವ ನನ್ನ ವಿಷಯದಲ್ಲೂ ಪಾಲಿಸುತ್ತಿದ್ದಳೋ ಏನೋ.

ನಾಲ್ಕು ತಿಂಗಳಾದ ಮೇಲೆ ಬೇಸಿಗೆ ರಜೆ. ನಾನು ಹುಣಸೂರಿನಲ್ಲಿದ್ದೆ. ಹ್ಯಾಂಡ್‌ಪೋಸ್ಟಿನಿಂದ ಒಬ್ಬ ಹೆಂಗಸಿನ ಫೋನ್ ಬಂತು. ಅವಳ ತಾಯಿ ತೀರಿಕೊಂಡಿದ್ದರು. ನನ್ನ ಕಾಲ ಆದ್ಮೇಲೆ ನನ್ನ ಮೊಮ್ಮಗಳ್ನ ಕರೀರಿ ಅಂತ ನಿಮ್ಮಜ್ಜಿ ಹೇಳಿದ್ರು ಎಂದಳು. ಹೋಗದೆ ಇರಲು ನನ್ನ ಹತ್ತಿರ ಆ ದಿನ ನೆಪವೂ ಇರಲಿಲ್ಲ, ಮುಖವೂ ಇರಲಿಲ್ಲ. ಅಮ್ಮ ತಾನೂ ಬರುತ್ತೇನೆ ಎಂದಳು. ಮಂಡಿ ನೋವಿರುವವಳು ಕೋಟೆ ಬಸ್ಸಿನ ಮೆಟ್ಟಿಲನ್ನು ನನ್ನ ಭುಜ ಹಿಡಿದು ಹತ್ತಿದಳು.

ಆ ಮನೆಯ ಹಿತ್ತಿಲಿನ ಪರದೆಯೊಳಗೆ ನಾನು ಕೈಗೆ ಬಟ್ಟೆ ಸುತ್ತಿಕೊಂಡು ತೊಳೆದೆ. ಅಮ್ಮ ಸಣ್ಣ ಸ್ಟೂಲಿನ ಮೇಲೆ ಕೂತು ನೀರು ಹುಯ್ದಳು. ಕೈ ತಾನಾಗಿ ಕೆಲಸ ಮಾಡಿತು, ಒಂದು ತಪ್ಪೂ ಆಗಲಿಲ್ಲ. ಆ ಮುದುಕಿಯ ಬೆನ್ನಿನಲ್ಲೂ ಹುಣ್ಣಿತ್ತು. ಮೆಲ್ಲಗೆ ತೊಳೆದೆ, ಹೇಸಿಗೆಯಾಗಲಿಲ್ಲ. ಹೇಸಿಗೆಯಾಗಿದ್ದರೆ ನನಗೆ ಎಷ್ಟೋ ಸಮಾಧಾನ ಆಗುತ್ತಿತ್ತು. ಹಲಗೆಯ ಪಕ್ಕದಲ್ಲಿ ನಿಂತು ಹೊದಿಕೆ ಹಿಡಿದಿದ್ದ ಮುದುಕಿಯ ಮಗಳು ನನ್ನ ಕೈಯನ್ನೇ ನೋಡುತ್ತಿದ್ದಳು. ನೋಡುತ್ತಾ ನೋಡುತ್ತಾ ಅವಳ ಕಣ್ಣು ತುಂಬಿತು.

"ನಿಮ್ಮಜ್ಜೀಗೂ ಇಂಗೇ ನೀವೇ ತೊಳೆದ್ರೇನವ್ವ?" ಎಂದು ಕೇಳಿದಳು.

ನನ್ನ ಕೈ ನಿಂತಿತು. ನಿಜ ಹೇಳಲು ಇಷ್ಟು ದಿನ ಜಾಗ ಹುಡುಕುತ್ತಿದ್ದೆ. ಇದಕ್ಕಿಂತ ಒಳ್ಳೆಯ ಜಾಗ ಯಾವುದಿತ್ತು. ನಾನು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅಮ್ಮನ ದನಿ ಕೇಳಿಸಿತು.

"ಊಂ ಕಣವ್ವ, ಇವ್ಳೇ ತೊಳೆದಿದ್ದು. ನಮ್ಮವ್ವನ ಆಸೆ ಇವ್ಳೇ ನಡೆಸಿಕೊಟ್ಳು."

ಅಷ್ಟು ಹೇಳಿ, ಬಗ್ಗಲಾರದೆ ಬಗ್ಗಿ, ಬಕೆಟ್ಟಿನಿಂದ ಇನ್ನೊಂದು ಚೊಂಬು ಮೊಗೆದಳು. ಆವತ್ತು ಅಳುತ್ತಾ, ಆ ಮಂಡಿ ಇಟ್ಟುಕೊಂಡು, ತಾನು ತನ್ನ ತಾಯಿಗೆ ಮಾಡಿದ ಕೊನೆಯ ಕೆಲಸವನ್ನು ನನ್ನ ಹೆಸರಿಗೆ ಕೊಟ್ಟುಬಿಟ್ಟಳು. ಆ ಮಗಳು ನನ್ನನ್ನು ಪುಣ್ಯವಂತೆ ಎಂದಳು. ಅಲ್ಲ, ಇವಳು ನಮ್ಮಮ್ಮ, ತೊಳೆದದ್ದು ಇವಳು, ನಾನು ಸುಳ್ಳು ಹೇಳಿ ಅಡುಗೆಮನೆಯಲ್ಲಿ ಕೂತಿದ್ದೆ ಎನ್ನಲು ನನಗೆ ಬೇಕಾದಷ್ಟು ಹೊತ್ತಿತ್ತು. ಎಡಗಡೆ ಪೂರ್ತಿ ಬಾಕಿ ಇತ್ತು, ಆಮೇಲೆ ಕರ್ಪೂರದ ನೀರಿತ್ತು. ಅಮ್ಮ ನೀರು ಹುಯ್ಯುತ್ತಾ ಹೋದಳು, ನಾನು ತೊಳೆಯುತ್ತಾ ಹೋದೆ, ಅದನ್ನು ಹೇಳಲಿಲ್ಲ.